ಮನೆಗೆ ಹೊರಟ ಇರುವೆಗಳು

ಭಾನುವಾರದ ಬುದ್ಧವಂದನೆಗೆ ಹೊಸದಾಗಿ ಬರುವ ಹೆಂಗಸರ ಕಣ್ಣು ಮೊದಲು ಹೋಗುವುದು ನನ್ನ ಎಡಗೈ ಮೇಲೆ. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಹಸಿರು ಚುಕ್ಕಿಗಳ ಒಂದು ಸಾಲಿದೆ. ಅದರಲ್ಲಿ ಒಂದು ಚುಕ್ಕಿ ಸಾಲು ಬಿಟ್ಟು ಕೆಳಗಿಳಿದಿದೆ. ತಾಯಿತ ಬಿಚ್ಚಿರಿ, ಹಚ್ಚೆ ಹಾಕಿಸಬೇಡಿರಿ ಎಂದು ಊರೂರು ತಿರುಗಿ ಹೇಳುವ ನರಸಣ್ಣನವರ ಹೆಂಡತಿಯ ಕೈಮೇಲೆಯೇ ಹಚ್ಚೆ ಎಂದು ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಗಲಿ ಬಿಡಿ. ಕೇಳಿದವರಿಗೆ ಹೇಳುತ್ತೇನೆ, ಕೇಳದವರ ಹಿಂದೆ ಬೀಳುವ ಚಟ ನನಗಿಲ್ಲ.

ನನ್ನ ಅತ್ತೆ ಪಕೀರಮ್ಮನಿಗೆ ಉಳಿದ ಮಕ್ಕಳು ಇಬ್ಬರು. ದೊಡ್ಡವರು ಗದ್ದೆಪ್ಪ ಭಾವ. ಗೊರೇಬಾಳದಲ್ಲಿ ಕಾಲುವೆ ನೀರಿನ ಸ್ವಲ್ಪ ಗದ್ದೆ ಮಾಡಿಕೊಂಡು, ಸಂಜೆಯಾದರೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ಮಠವೊಂದರ ಗುರುಗಳಿಂದ ಉಪದೇಶವೂ ಆಗಿತ್ತು. ಚಿಕ್ಕವರು ನರಸಣ್ಣ, ನನ್ನ ಗಂಡ. ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನಾಗಪುರದಲ್ಲಿ ನಮ್ಮ ಜನ ಲಕ್ಷಗಟ್ಟಲೆ ಬೌದ್ಧರಾದ ಸುದ್ದಿ ಕೇಳಿದ ಮೇಲೆ ಅವರಿಗೆ ನಿದ್ದೆ ಬರಲಿಲ್ಲವಂತೆ. ನನ್ನನ್ನು ಮದುವೆಯಾಗುವ ಮುಂಚೆಯೇ ದೀಕ್ಷೆ ತಗೊಂಡಿದ್ದರು.

ಅಣ್ಣತಮ್ಮಂದಿರ ನಡುವೆ ಹೊಲದ ಜಗಳವಿರಲಿಲ್ಲ, ಇದ್ದದ್ದು ಆತ್ಮದ ಜಗಳ. ಮನುಷ್ಯನೊಳಗೆ ಸಾಯದ ವಸ್ತು ಒಂದಿದೆ, ಜಗತ್ತನ್ನೆಲ್ಲ ತುಂಬಿರುವ ಪರವಸ್ತುವೂ ಅದೇ ಎಂದು ಭಾವ. ಅಂಥದ್ದೇನೂ ಒಳಗಿಲ್ಲ, ಹುಡುಕಿದರೆ ಸಿಗುವುದು ಆಸೆ ಮತ್ತು ಹೆದರಿಕೆ ಎಂದು ನಮ್ಮವರು. ಇಬ್ಬರೂ ಮಾತಿಗೆ ಕುಳಿತರೆ ಕೊಟ್ಟಿಗೆಯಲ್ಲಿ ಎಮ್ಮೆ ಈಯುತ್ತಿದ್ದರೂ ಎದ್ದು ನೋಡುವವರಲ್ಲ. ಭಾವನ ಹೆಂಡತಿ ಕನಕಮ್ಮಕ್ಕ ರೊಟ್ಟಿ ಬಡಿಯುತ್ತ ನನ್ನ ಕಡೆ ನೋಡಿ, “ಆತ್ಮ ಇದ್ರೂ ಇವರಿಗೆ ರೊಟ್ಟಿ ಬೇಕು, ಇರದಿದ್ರೂ ರೊಟ್ಟಿ ಬೇಕು” ಎನ್ನುತ್ತಿದ್ದಳು. ನಾವಿಬ್ಬರೂ ನಗುತ್ತಿದ್ದೆವು.

ಅತ್ತೆ ಹಾಸಿಗೆ ಹಿಡಿದ ವರ್ಷ ಆ ಜಗಳ ನಗುವಂಥದ್ದಾಗಿ ಉಳಿಯಲಿಲ್ಲ. ಗೊರೇಬಾಳದ ಸುತ್ತ ನಾಟಿ ನಡೆದಿತ್ತು. ಮನೆ ಬಾಗಿಲವರೆಗೂ ಕೆಸರಿನ ವಾಸನೆ. ಅತ್ತೆಗೆ ಜ್ವರ ಇಳಿಯುತ್ತಿರಲಿಲ್ಲ, ಉಸಿರಾಡಿದರೆ ಎದೆ ಕುಂಯ್‌ಗುಡುತ್ತಿತ್ತು. ಸಿಂಧನೂರಿನ ಡಾಕ್ಟರು ಗುಳಿಗೆ ಕೊಟ್ಟು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದರು. ನಾವು ಗಂಡಹೆಂಡತಿ ರಜೆ ಹಾಕಿ ಬಂದು ಕುಳಿತಿದ್ದೆವು.

ಒಂದು ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟು ದೊಡ್ಡ ಮಗನನ್ನು ಕೇಳಿದಳು.

“ಗದ್ದೆಪ್ಪಾ, ನಾ ಹೋದ ಮ್ಯಾಲ ಗ್ಯಾನಿ ನನ್ನ ಗುರುತು ಹಿಡೀತಾಳೇನಪಾ?”

ಗ್ಯಾನಿ ಎಂದರೆ ಗ್ಯಾನಮ್ಮ, ಈ ಅಣ್ಣತಮ್ಮಂದಿರ ನಡುವೆ ಹುಟ್ಟಿದ ಹುಡುಗಿ. ಕಾಲುವೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ನಿಜಾಮರ ಕಾಲದಲ್ಲಿ, ವಾಂತಿಭೇದಿ ಬಂದು ಕೇರಿಯ ಮನೆಮನೆಯಲ್ಲಿ ಹೆಣ ಬಿದ್ದಾಗ ಹೋದವಳು. ಆಗ ಅವಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಭಾವ ದನ ಕಾಯುವ ಹುಡುಗ, ನಮ್ಮವರು ತೊಟ್ಟಿಲಿನಲ್ಲಿದ್ದರು. ಅತ್ತೆ ಆ ಹೆಸರನ್ನು ಬಾಯಿಗೆ ತಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

“ಆಗ ನನ್ನ ಕೂದಲು ಕರ್ರಗ ಇದ್ದುವು” ಎಂದಳು ಅತ್ತೆ. “ಈಗ ನೋಡಿದ್ರ ಯಾರೋ ಮುದುಕಿ ಅಂತ ಅಂಜಿ ಓಡ್ತಾಳ.”

ಭಾವ ಮಂಚದ ಹತ್ತಿರ ಸರಿದು ಕುಳಿತರು. “ಅವ್ವಾ, ಹೋಗೋದು ಬರೋದು ಎಲ್ಲಾ ಮೈಗೆ. ಒಳಗಿನ ವಸ್ತು ಎಲ್ಲೂ ಹೋಗಂಗಿಲ್ಲ. ನಮ್ಮ ಗದ್ದಿ ನೋಡು. ಈ ಮಡಿ ಆ ಮಡಿ ಅಂತ ನಡುವ ಬದು ಹಾಕೀವಿ. ಬದು ಕಡದ್ರ ಎಲ್ಲಾ ನೀರು ಒಂದ. ನೀ ಬ್ಯಾರೆ ಅಲ್ಲ, ಗ್ಯಾನಿ ಬ್ಯಾರೆ ಅಲ್ಲ. ಬ್ಯಾರೆ ಬ್ಯಾರೆ ಇದ್ರಲ್ಲ ಗುರುತು ಹಿಡಿಯೋದು?”

“ಎಲ್ಲಾ ಕಲತು ಹೋದ ಮ್ಯಾಲ ಅಕಿ ನನಗ ‘ಯವ್ವಾ’ ಅನ್ನೋದು ಹ್ಯಾಂಗೋ?”

“ಅನ್ನೋ ಜರೂರತ್ತ ಇರಂಗಿಲ್ಲಬೇ.”

“ನನಗ ಜರೂರತ್ತು ಐತಿ” ಎಂದಳು ಅತ್ತೆ.

ಇದೇ ಸಮಯ ಎಂದು ನಮ್ಮವರು ಶುರು ಮಾಡಿದರು. “ಅವ್ವಾ, ಅಣ್ಣ ಹೇಳೋದು ಸಮಾಧಾನದ ಮಾತು, ಖರೇ ಬ್ಯಾರೆ ಐತಿ. ಬಣವಿಯೊಳಗಿಂದ ಒಂದೊಂದ ಸಿವುಡು ಹುಲ್ಲು ತಗೀತಾ ಹೋಗು. ಎಲ್ಲಾ ತಗದ ಮ್ಯಾಲ ಬಣವಿ ಎಲ್ಲೈತಿ? ಹಂಗ, ಈ ಮೈ, ಸುಖದುಃಖ, ಗುರುತು, ಮನಸಿನ ರೂಢಿ, ಅರಿವು, ಇಷ್ಟೂ ಕೂಡಿದ್ದಕ್ಕ ಪಕೀರಮ್ಮ ಅಂತ ಹೆಸರಿಟ್ಟೀವಿ. ಒಳಗ ಬ್ಯಾರೆ ಯಾರೂ ಕುಂತಿಲ್ಲ. ನಾನು, ನನ್ನಾಕಿ ಅಂತ ಗಟ್ಟಿ ಹಿಡಕೊಂಡಿದ್ದಕ್ಕ ಈ ಸಂಕಟ. ಕೈ ಬಿಡು, ಹಗುರ ಆಗ್ತೀದಿ.”

ಅತ್ತೆ, “ಒಳಗ ಯಾರೂ ಇಲ್ಲಂದ್ರ, ಅವತ್ತು ಕೂಸಿನ್ನ ಮಣ್ಣಾಗ ಇಟ್ಟು ಬಂದು ಅತ್ತಾಕಿ ಯಾರೋ ನರಸಣ್ಣಾ?” ಎಂದಳು.

“ಅಳು ಇತ್ತವ್ವಾ. ಅತ್ತಾಕಿ ಅಂತ ಬ್ಯಾರೆ ಒಬ್ಬಾಕಿ ಇರಲಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡ ಸುಳ್ಳು ಹೇಳುವ ಮನುಷ್ಯರಲ್ಲ. ಅವರು ನಂಬಿದ್ದನ್ನೇ ತಾಯಿಗೆ ಹೇಳಿದರು, ತಾಯಿ ಹಗುರಾಗಲಿ ಎಂದೇ ಹೇಳಿದರು. ಭಾವನೂ ಹಾಗೆಯೇ. ಒಬ್ಬರು ಆ ಹುಡುಗಿಯನ್ನು ಜಗತ್ತಿನಷ್ಟು ದೊಡ್ಡದು ಮಾಡಿ ಕಳೆದರು, ಇನ್ನೊಬ್ಬರು ಏನೂ ಉಳಿಸದೆ ಕಳೆದರು. ಆಮೇಲೆ ತಾಯಿಯನ್ನು ಬಿಟ್ಟು ಇಬ್ಬರೂ ಒಬ್ಬರಿಗೊಬ್ಬರು ವಾದಕ್ಕೆ ನಿಂತರು. ಮಂಚದ ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು.

ನಾನು ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದೆ. “ಅಕಿ ಕೇಳಿದ್ದು ಏನು, ನೀವು ಹೇಳಾಕತ್ತಿದ್ದು ಏನು? ಮೈ ಒರಸಬೇಕು, ಹೊರಗ ನಡೀರಿ ಇಬ್ಬರೂ.”

ಅವರು ಕಟ್ಟೆಗೆ ಹೋದರು. ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅತ್ತೆಯ ಮೈ ಒರೆಸತೊಡಗಿದೆ. ಬಲಗೈ ತುಂಬ ಹಚ್ಚೆ. ಎಡಗೈಯಲ್ಲಿ ಮಾತ್ರ ಮೊಣಕೈಯಿಂದ ಮಣಿಕಟ್ಟಿನತನಕ ಸುಟ್ಟು ಸುಕ್ಕಾದ ಬಿಳಿ ತೊಗಲು. ಆ ಕೈಯ ಕತೆ ನನಗೆ ಅರ್ಧ ಗೊತ್ತಿತ್ತು.

ನಮ್ಮವರು ದೀಕ್ಷೆ ತಗೊಂಡು ಬಂದ ಹೊಸತರಲ್ಲಿ ಅವರ ತೋಳಿನ ಮೇಲೆ ದುರುಗಮ್ಮನ ಹಚ್ಚೆ ಇತ್ತು. ನಮ್ಮನ್ನು ಗುಡಿಯ ಹೊರಗೇ ನಿಲ್ಲಿಸಿದ ದೇವಿ ನಮ್ಮ ಮೈಮೇಲೆ ಯಾಕೆ ಎಂದು ಅವರ ಸಿಟ್ಟು. ಅಗಸರು ಬಟ್ಟೆಗೆ ಗುರುತು ಹಾಕುವ ಗೇರಿನ ಎಣ್ಣೆ ತಂದು ಹಚ್ಚೆಯ ಮೇಲೆ ಹಚ್ಚಿಕೊಂಡರು. ಅದು ಮೈಗೆ ತಾಗಿದರೆ ಬೊಬ್ಬೆ ಎದ್ದು ತೊಗಲೇ ಕಿತ್ತು ಬರುತ್ತದೆ. ಮಗ ಜ್ವರ ಬಂದು ನರಳುವುದನ್ನು ನೋಡಲಾರದೆ ಅತ್ತೆ, “ನೀ ಒಬ್ಬನ ಯಾಕ ಸುಟ್ಟಕೊಳ್ತೀ, ನನ್ನ ಕೈಯಾಗೂ ಅದಾಳ ಅಕಿ, ನನಗೂ ಹಚ್ಚು” ಎಂದು ಎಡಗೈ ಚಾಚಿದಳಂತೆ. ಮೊಣಕೈ ಹತ್ತಿರವಿದ್ದ ದುರುಗಮ್ಮನ ಮೇಲೆ ಹಚ್ಚಿದ ಎಣ್ಣೆ ಮಣಿಕಟ್ಟಿನತನಕ ಹರಿಯಿತು. ದೇವಿಯೂ ಹೋದಳು, ಅದರ ಕೆಳಗಿದ್ದದ್ದೂ ಹೋಯಿತು. ತಾಯಿಯೂ ತನ್ನ ಹಾದಿಗೆ ಬಂದಳು ಎಂದು ನಮ್ಮವರು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ಕೇಳಿ ಹೆಮ್ಮೆಪಟ್ಟವಳೇ.

ಉಳಿದ ಅರ್ಧವನ್ನು ಅತ್ತೆ ಅವತ್ತು ಹೇಳಿದಳು. “ಇಲ್ಲಿ ಚುಕ್ಕಿ ಸಾಲು ಇತ್ತಬೇ ಅಯ್ಯಮ್ಮಾ. ಗ್ಯಾನಿ ಅದಕ್ಕ ಇರುವಿ ಅಂತಿದ್ದಳು. ಈ ಕೈಮ್ಯಾಲ ತಲಿ ಇಟ್ಟು ಮಲಗಾಕಿ. ಒಂದೊಂದ ಚುಕ್ಕಿ ಮ್ಯಾಲ ಬಟ್ಟು ಇಟಗೋತ, ಇರುವಿ ಎಲ್ಲಿಗೆ ಹೊಂಟಾವಬೇ ಅಂತ ಕೇಳತಿದ್ದಳು. ಮನಿಗಿ ಹೊಂಟಾವ ಮಲಕ್ಕೋ ಅಂತಿದ್ದೆ. ಒಂದು ಚುಕ್ಕಿ ಹಾಕಾಕಿ ಕೈ ತಪ್ಪಿ ಕೆಳಗ ಬಿದ್ದಿತ್ತು. ಅದಕ್ಕ ಬೈತಿದ್ದಳು, ಲೇ ನಿನಗ ಹಾದಿ ತಿಳಿಯಂಗಿಲ್ಲೇನು ಅಂತ. ಸಾಯೋ ಹೊತ್ತಿಗೂ ಅಕಿ ಬಟ್ಟು ಈ ಕೈಮ್ಯಾಲ ಇತ್ತು.”

ನಮ್ಮ ಕಡೆ ಹೆಂಗಸರ ನಂಬಿಕೆ ಒಂದಿದೆ. ಸತ್ತ ಮೇಲೆ ಮೈಮೇಲಿನ ಬಟ್ಟೆ, ಬಳೆ, ಮೂಗುತಿ ಎಲ್ಲವನ್ನೂ ಇಲ್ಲೇ ಬಿಚ್ಚಿಕೊಳ್ಳುತ್ತಾರೆ. ಹಚ್ಚೆಯನ್ನು ಯಾರೂ ಬಿಚ್ಚಲಾರರು, ಅದು ಜೊತೆಗೆ ಬರುತ್ತದೆ, ಮೊದಲು ಹೋದವರು ಅದನ್ನು ನೋಡಿಯೇ ಗುರುತು ಹಿಡಿಯುತ್ತಾರೆ. ಅತ್ತೆಯ ಹೆದರಿಕೆ ಏನೆಂದು ನನಗೆ ಆಗ ತಿಳಿಯಿತು. ಮುಖ ಮುದಿಯಾಗಿದ್ದರೆ ಆಗಿರಲಿ, ಆ ಹುಡುಗಿ ಹುಡುಕುವುದು ಇರುವೆಗಳನ್ನು. ಇರುವೆಗಳು ಕೈಮೇಲೆ ಇರಲಿಲ್ಲ.

ತಲೆಯೆತ್ತಿ ನೋಡಿದರೆ ನಮ್ಮವರು ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬಂದು ನೆಲದ ಮೇಲೆ ಕುಸಿದು ಕುಳಿತು ತಾಯಿಯ ಸುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅವತ್ತು ಯಾಕ ಹೇಳಲಿಲ್ಲಬೇ?”

“ಹೇಳಿದ್ರ ನೀ ನನಗ ಹಚ್ಚತಿದ್ದಿಲ್ಲ, ನೀ ಒಬ್ಬನ ಸುಟ್ಟಕೊಂಡು ಕುಂದರತಿದ್ದಿ” ಎಂದಳು ಅತ್ತೆ. “ಹೋಗಲಿ ಬಿಡಪಾ. ನೀ ಏನು ಬೇಕಂತ ಮಾಡಿದ್ದಲ್ಲ.”

ಮದುವೆಯಾಗಿ ಅಷ್ಟು ವರ್ಷವಾಗಿತ್ತು, ನನ್ನ ಗಂಡ ಅತ್ತದ್ದನ್ನು ನಾನು ಅವತ್ತೇ ಮೊದಲ ಸಲ ನೋಡಿದೆ.

ಮರುದಿನ ಮೊದಲ ಬಸ್ಸಿಗೆ ಅವರು ಮಸ್ಕಿಗೆ ಹೋದರು. ಮಸ್ಕಿಗೆ ಹೋದಾಗಲೆಲ್ಲ ಗುಡ್ಡ ಹತ್ತಿ ಅಶೋಕನ ಶಾಸನದ ಮುಂದೆ ಕೈಮುಗಿದು ಬರುವ ಮನುಷ್ಯ. ಅವತ್ತು ಗುಡ್ಡದ ಕಡೆ ತಿರುಗಿ ಕೂಡ ನೋಡಲಿಲ್ಲ, ನೋಡುವ ಮುಖವಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಹಚ್ಚೆ ಹಾಕುವ ಕೊರವರ ಹುಲಿಗೆಮ್ಮನನ್ನು ಹುಡುಕಿ, ಸಿಂಧನೂರಿನ ತನಕ ಬಸ್ಸಿನಲ್ಲಿ, ಅಲ್ಲಿಂದ ನಬೀಸಾಬ್‌ನ ಟಾಂಗಾದಲ್ಲಿ ಕೂರಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಂದರು.

ಕಟ್ಟೆಯ ಮೇಲಿದ್ದ ಭಾವ ಅವಳ ಬುಟ್ಟಿ ನೋಡಿ ಎದ್ದು ನಿಂತರು. “ಏನೋ ತಮ್ಮಾ ಇದು? ಒಳಗ ಯಾರೂ ಇಲ್ಲ ಅಂದಾವ ನೀನ. ಈಗ ಯಾರಿಗೆ ಹಚ್ಚಿ ಹಾಕಸಾಕ ಕರಕೊಂಡು ಬಂದೀದಿ?”

“ನಾ ಹೇಳಿದ್ದು ಖರೇನ ಐತಣ್ಣಾ” ಎಂದರು ನಮ್ಮವರು. “ಆದ್ರ ಅಳಿಸಿದಾವ ನಾನು.”

ಭಾವ ತಮ್ಮನ ಹಿಂದೆಯೇ ಒಳಗೆ ಬಂದರು.

ಹುಲಿಗೆಮ್ಮ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಅತ್ತೆಯ ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಸೂಜಿ ಇಟ್ಟು ಒಂದು ಚುಕ್ಕಿ ಚುಚ್ಚಿದಳು. ನೀರಿನಂಥ ರಕ್ತ ಬಂತು, ಅದರ ಜೊತೆ ಬಣ್ಣವೂ ಹರಿದು ಹೋಯಿತು. ಒರೆಸಿ ಮತ್ತೊಮ್ಮೆ ಚುಚ್ಚಿದಳು, ಮತ್ತೆ ಹಾಗೇ ಆಯಿತು. ಅತ್ತೆ ಹಲ್ಲು ಕಚ್ಚಿಕೊಂಡು ಮಲಗಿದ್ದಳು.

“ಸುಟ್ಟ ತೊಗಲು ಬಣ್ಣ ಹಿಡಿಯಂಗಿಲ್ರೀ” ಎಂದು ಹುಲಿಗೆಮ್ಮ ಸೂಜಿ ಕೆಳಗಿಟ್ಟಳು. “ಜೀವನೂ ಇಲ್ಲ ಮೈಯಾಗ. ಬಲಗೈಯಾಗ ಜಾಗಾ ಐತಿ, ಅಲ್ಲಿ ಬೇಕಾದ್ರ ಒಂದೆರಡು ಹಾಕ್ತೀನಿ.”

“ಅಕಿ ಮಲಗತಿದ್ದಿದ್ದು ಈ ಬಾಜೂಕ” ಎಂದಳು ಅತ್ತೆ. ಹೇಳಿ ಗೋಡೆ ಕಡೆ ಮುಖ ಮಾಡಿದಳು.

ಆತ್ಮ ಇದೆ ಎನ್ನುವವರೂ ಸುಮ್ಮನೆ ನಿಂತಿದ್ದರು, ಇಲ್ಲ ಎನ್ನುವವರೂ ಸುಮ್ಮನೆ ನಿಂತಿದ್ದರು. ನನ್ನ ಕೈಗಳು ಮಾತ್ರ ಬೋಳಾಗಿದ್ದವು. ಮದುವೆಗೆ ಮೊದಲು ಹಾಕಿಸಿಕೊಂಡಿರಲಿಲ್ಲ, ಆಮೇಲೆ ನಮ್ಮವರು ಬಿಡಲಿಲ್ಲ. ಬೋಳುಗೈ ಸೊಸೆ ಎಂದು ಕೇರಿಯ ಹೆಂಗಸರು ಆಡಿಕೊಂಡಿದ್ದನ್ನು ಎಷ್ಟೋ ಸಲ ಕೇಳಿದ್ದೆ. ನಾನು ಮಂಚದ ಹತ್ತಿರ ಕುಳಿತು ಎಡಗೈ ಮುಂದೆ ಚಾಚಿದೆ.

“ಅತ್ತೀ, ಇತ್ತಾಗ ತಿರಗು. ನನ್ನ ಕೈಮ್ಯಾಲ ಹಾಕಸು. ಹ್ಯಾಂಗ ಇದ್ದುವೋ ಹಂಗ ಹೇಳು.”

ಅತ್ತೆ ತಿರುಗಿದಳು. ನನ್ನ ಮುಖ ನೋಡಿದಳು, ಕೈ ನೋಡಿದಳು. ನಾನು ನಮ್ಮವರ ಕಡೆ ನೋಡಲಿಲ್ಲ. ಬೇಡ ಎಂದಿದ್ದರೆ ಅವತ್ತು ನಮ್ಮ ನಡುವೆ ಏನಾಗುತ್ತಿತ್ತೋ ನನಗೇ ಗೊತ್ತಿಲ್ಲ. ಅವರು ನನ್ನ ಪಕ್ಕದಲ್ಲಿ ಕುಳಿತು, ಕೈ ಅಲುಗಾಡದಂತೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

ಹುಲಿಗೆಮ್ಮ ಚುಚ್ಚಿದಂತೆಲ್ಲ ಅತ್ತೆ ಹೇಳುತ್ತ ಹೋದಳು. ಇಲ್ಲೊಂದು. ಇಷ್ಟು ದೂರ ಬ್ಯಾಡ, ಹತ್ತರ. ಹಾಂ, ಹಂಗ. ನೋವು ಹೆಗಲತನಕ ಏರುತ್ತಿತ್ತು. ನಾನು ಅತ್ತೆಯ ಕಣ್ಣನ್ನೇ ನೋಡುತ್ತಿದ್ದೆ, ಜ್ವರದ ಕಣ್ಣಿನಲ್ಲಿ ಏನೋ ಬೆಳಕು ಬಂದಿತ್ತು. ಅರ್ಧ ಸಾಲಾದ ಮೇಲೆ ಅತ್ತೆ, “ಈಗ ಅದು, ಹಾದಿ ತಪ್ಪಿದ್ದು” ಎಂದಳು.

“ಓರೆ ಹಾಕಿದ್ರ ಚಂದ ಕಾಣಂಗಿಲ್ಲಬೇ. ನನಗ ಹೆಸರು ಕೆಡತೈತಿ” ಎಂದಳು ಹುಲಿಗೆಮ್ಮ.

“ಅದು ಇರದಿದ್ರ ಅಕಿ ನಂಬಂಗಿಲ್ಲ. ಹಾಕು.”

ಹುಲಿಗೆಮ್ಮ ಸೂಜಿಯನ್ನು ಸಾಲಿನ ಕೆಳಗೆ ತಂದಳು. ಆಗ ನಮ್ಮ ಹಿಂದಿನಿಂದ ಭಾವನ ದನಿ ಕೇಳಿತು. “ಅಲ್ಲಲ್ಲ. ಇನ್ನೂ ಒಂಚೂರು ಕೆಳಗಿತ್ತು.”

ಎಲ್ಲರೂ ತಿರುಗಿ ನೋಡಿದೆವು. ನೀನು ಬೇರೆಯಲ್ಲ, ಗ್ಯಾನಿ ಬೇರೆಯಲ್ಲ ಎಂದಿದ್ದ ಭಾವ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದರು. “ನನಗೂ ತೋರಸತಿದ್ದಳು” ಎಂದರು. “ಅಣ್ಣಾ, ನೀ ದನ ಹೊಡಕೊಂಡು ಬರತೀಯಲ್ಲ, ಈ ಇರುವಿನ್ನೂ ಹೊಡಕೊಂಡು ಬಾ ಅಂತಿದ್ದಳು.”

“ಹೌದಪಾ, ಒಂಚೂರು ಕೆಳಗ” ಎಂದಳು ಅತ್ತೆ.

ಚುಕ್ಕಿ ಅಲ್ಲೇ ಬಿತ್ತು. ಉಳಿದ ಸಾಲೂ ಮುಗಿಯಿತು. ಹುಲಿಗೆಮ್ಮ ಅರಿಶಿನ ಹಚ್ಚಿ, ಕನಕಮ್ಮಕ್ಕ ಕೊಟ್ಟ ಅಕ್ಕಿ ಮತ್ತು ಸೀರೆ ತಗೊಂಡು ಹೋದಳು. ಅತ್ತೆ ಬೆರಳಿನಿಂದ ನನ್ನ ಬಾತ ಕೈಮೇಲೆ ಒಂದೊಂದೇ ಇರುವೆಯನ್ನು ಮುಟ್ಟಿ ನೋಡಿದಳು. ನನಗೆ ಜೀವ ಹೋಗುವಷ್ಟು ಉರಿಯುತ್ತಿತ್ತು, ಆದರೂ ಕೈ ಹಿಂದೆ ತಗೊಳ್ಳಲಿಲ್ಲ.

“ಅಯ್ಯಮ್ಮಾ” ಎಂದಳು. “ಅಕಿ ನನ್ನ ಗುರುತು ಹಿಡಿಯಂಗಿಲ್ಲ. ನಿನ್ನ ಹಿಡೀತಾಳ.”

“ಹೂಂ ಅತ್ತೀ.”

“ನಾ ಅಲ್ಲೇ ಎಲ್ಯಾರ ಅಕಿ ಬಾಜೂಕ ಕುಂತಿರತೀನಿ. ಆಡೋದು ನೋಡಕೋಂತ. ಮಾತಾಡಸಂಗಿಲ್ಲ, ಅಂಜತಾಳ. ನೀ ಬಂದ ಮ್ಯಾಲ ಕೈ ತೋರಸಿ, ಇಕಿನ ನಿಮ್ಮವ್ವ ಅಂತ ಹೇಳು. ಹೇಳ್ತೀಯಿಲ್ಲೋ?”

“ಹೇಳ್ತೀನಿ ಅತ್ತೀ. ನಿನ್ನಾಣಿ.”

“ಅವಸರ ಮಾಡಬ್ಯಾಡ ಮತ್ತ” ಎಂದಳು. “ನಿನಗೂ ಮಕ್ಕಳದಾವ. ನಾ ಕಾಯ್ತೀನಿ.”

ಆಮೇಲೆ ಅವಳು ಏನನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಮರುದಿನ ಹೊತ್ತೇರುವ ಮುಂಚೆ ಹೋದಳು. ಮಣ್ಣು ಮಾಡುವಾಗ ಭಾವ ಪದ ಹಾಡಿದರು, ನಮ್ಮವರು ತ್ರಿಶರಣ ಹೇಳಿದರು. ಒಬ್ಬರು ಮುಗಿಸುವತನಕ ಇನ್ನೊಬ್ಬರು ಕಾದರು. ಇವತ್ತಿಗೂ ಇಬ್ಬರ ವಾದ ನಿಂತಿಲ್ಲ, ಆದರೆ ನಾನು ಊಟಕ್ಕೆ ಬಡಿಸಲು ಕೈ ಚಾಚಿದರೆ ಇಬ್ಬರ ಬಾಯಿಯೂ ಗಪ್ಪಾಗುತ್ತದೆ.

ಸಿಂಧನೂರಿಗೆ ಬಂದ ಮೇಲೆ ನನ್ನ ಕೈ ಬಾತು ಕೀವಾಯಿತು. ಅದು ಮಾಯುವತನಕ ದಿನಾ ಹರಳೆಣ್ಣೆ ಹಚ್ಚಿದವರು ನಮ್ಮವರೇ. ಗೇರಿನ ಎಣ್ಣೆ ಹಚ್ಚಿದ್ದ ಬೆರಳುಗಳೇ ಅವು, ಎಷ್ಟು ಹಗುರ ಹಚ್ಚುತ್ತಿದ್ದರೆಂದರೆ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಹಾಗೆ ಹಚ್ಚುವಾಗ ನಾನು ಕೇಳಿಯೇಬಿಟ್ಟೆ. ವಾದಕ್ಕಲ್ಲ, ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

“ಇವತ್ತಿದ್ದಾಕಿ ನಾಳಿಗಿ ಇರಂಗಿಲ್ಲ, ಒಳಗ ಯಾರೂ ಕುಂತಿಲ್ಲ ಅಂತೀರಿ. ನಾನೂ ನಿಮ್ಮ ಜೋಡಿ ಅದನ್ನ ಹೇಳ್ತೀನಿ. ಮತ್ತ ಅತ್ತಿಗೆ ಕೊಟ್ಟ ಮಾತು ಯಾರು ನಡಸಬೇಕ್ರೀ?”

ಸಭೆಯಲ್ಲಿ ಎಂಥವರ ಪ್ರಶ್ನೆಗೂ ನಿಂತ ನಿಲುವಿನಲ್ಲಿ ಉತ್ತರ ಕೊಡುವ ಮನುಷ್ಯ, ಎಣ್ಣೆಯ ಬೆರಳನ್ನು ಹಾದಿ ತಪ್ಪಿದ ಇರುವೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕುಳಿತರು. ಹೊರಗೆ ಕಾಲುವೆ ಕೆಲಸದವರು ಮಾತಾಡುತ್ತ ಹೋಗುತ್ತಿದ್ದರು.

“ನೀನ ಹೋಗಬೇಕು ಅಯ್ಯಮ್ಮಾ” ಎಂದರು ಕೊನೆಗೆ. “ಅವ್ವ ಕಾಯತಿರತಾಳ.”

ಎಣ್ಣೆಯ ಬಟ್ಟಲನ್ನು ಗೋಡೆಯ ಮಾಡಿನಲ್ಲಿಟ್ಟು ಬಂದು ಮತ್ತೆ ನನ್ನ ಕೈ ಹಿಡಿದುಕೊಂಡರು.

“ಅವಸರ ಮಾಡಬ್ಯಾಡ” ಎಂದರು.